ಸುಳ್ಳು ಸಾಕ್ಷಿ ನುಡಿದ ತಂತಿ

ಚಿಕ್ಕಮಗಳೂರಿನ ಚಳಿಗಾಲದ ಮುಂಜಾವನ್ನು ನೀವು ಬಲ್ಲಿರಾದರೆ ನನ್ನ ಆಸೆಯನ್ನು ಕ್ಷಮಿಸುವಿರಿ. ಭಾನುವಾರದ ಮೊದಲ ಪೂಜೆಗೆ ಹೊರಡುವ ಮುನ್ನ ಕಿಟಕಿಯಲ್ಲೇ ನಿಂತು ಗುಂಡಿಯೊತ್ತಿದರೆ, ಅಂಗಳದಲ್ಲಿನ ನಮ್ಮ ಹಳೆಯ ಕಾರು ತಾನಾಗಿ ಚಾಲೂ ಆಗಿ ಬೆಚ್ಚಗಾಗಬೇಕೆಂಬುದೇ ಆ ಆಸೆ. ಕಳ್ಳರ ಭಯವೂ ಇತ್ತು. ಆದ್ದರಿಂದ ಅಲಾರಂ ಹಾಗೂ ದೂರದಿಂದಲೇ ಎಂಜಿನ್ ಚಾಲೂ ಮಾಡುವ ಸಾಧನ ಎರಡೂ ಕೂಡಿದ ಪೆಟ್ಟಿಗೆಯೊಂದನ್ನು ಕೊಂಡು ತಂದು, ನಾನೇ ಜೋಡಿಸಲು ಕುಳಿತೆ.

ಮಲ್ಟಿಮೀಟರ್ ಹಿಡಿದು ತಂತಿಗಳನ್ನು ಒಂದೊಂದಾಗಿ ಗುರುತಿಸಿದೆ. ಕೀಲಿ ತೆಗೆದಾಗಲೂ 12 ವೋಲ್ಟ್ ತೋರಿಸುವುದು ಬ್ಯಾಟರಿಯ ತಂತಿ. ಕೀಲಿ ತಿರುಗಿಸಿದಾಗ ಬಂದು, ಸ್ಟಾರ್ಟ್ ಮಾಡುವಾಗಲೂ ಉಳಿಯುವುದು ಇಗ್ನಿಷನ್ ತಂತಿ. ಸ್ಟಾರ್ಟ್ ಮಾಡುವ ಗಳಿಗೆಯಲ್ಲಿ ಮಾತ್ರ ಜೀವ ತಳೆಯುವುದು ಸ್ಟಾರ್ಟರ್ ತಂತಿ. ಬಳಿಕ ಬ್ಯಾಟರಿಯ ಸಂಪರ್ಕ ಬಿಚ್ಚಿ, ಪ್ರತಿ ಜೋಡಣೆಗೂ ಬೆಸುಗೆ ಹಾಕಿ ಟೇಪು ಸುತ್ತಿದೆ. ಕೆಲಸ ಅಚ್ಚುಕಟ್ಟಾಯಿತೆಂದು ಒಳಗೊಳಗೇ ಹೆಮ್ಮೆಪಟ್ಟೆ.

ಉಳಿದದ್ದು ಒಂದೇ ತಂತಿ. ಕೈಯಿಂದ ಗೇರು ಬದಲಿಸುವ ಕಾರುಗಳಿಗೆ ಆ ಪೆಟ್ಟಿಗೆ ಒಂದು ನಿಯಮ ವಿಧಿಸುತ್ತದೆ. ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಓಡುತ್ತಿರುವಾಗಲೇ ಇಳಿದು ಬಾಗಿಲು ಮುಚ್ಚಬೇಕು. ಆಗ ಪೆಟ್ಟಿಗೆಯೇ ಎಂಜಿನನ್ನು ನಿಲ್ಲಿಸುತ್ತದೆ. ಅನಂತರ ಯಾರಾದರೂ ಬಾಗಿಲು ತೆರೆದರೆ, ದೂರದಿಂದ ಚಾಲೂ ಮಾಡುವ ಅನುಮತಿ ರದ್ದಾಗುತ್ತದೆ. ಗೇರಿನಲ್ಲಿರುವ ಕಾರು ಸ್ಟಾರ್ಟ್ ಮಾಡಿದೊಡನೆ ಮುಂದಕ್ಕೆ ಜಿಗಿಯುವುದರಿಂದಲೇ ಇಷ್ಟು ಕಟ್ಟುನಿಟ್ಟು.

ನನಗದು ಬರಿಯ ಕಿರಿಕಿರಿಯೆನಿಸಿತು. ಇದು ಆಟೋಮ್ಯಾಟಿಕ್ ಕಾರೆಂದು ಪೆಟ್ಟಿಗೆಯನ್ನು ನಂಬಿಸಿ, ಹ್ಯಾಂಡ್‌ಬ್ರೇಕಿಗೆ ಹೋಗಬೇಕಿದ್ದ ತಂತಿಯನ್ನು ಕಾರಿನ ಕಬ್ಬಿಣದ ಮೈಗೇ ಬಿಗಿದುಬಿಟ್ಟೆ. ಬ್ರೇಕು ಎಳೆದಿದ್ದರೂ ಎಳೆಯದಿದ್ದರೂ ಅದು ‘ಎಲ್ಲವೂ ಕ್ಷೇಮ’ ಎಂದೇ ಹೇಳತೊಡಗಿತು.

ಒಂದು ಶನಿವಾರ ರಾತ್ರಿ ಮಗ ಕಾರು ತಂದವನು, ಇಳಿಜಾರಿನ ಅಂಗಳದಲ್ಲಿ ಮನೆಯತ್ತ ಮುಖಮಾಡಿಸಿ, ಎಲ್ಲರೂ ಮಾಡುವಂತೆ ಮೊದಲ ಗೇರಿನಲ್ಲಿಟ್ಟು ಮಲಗಿದ್ದ. ಬೆಳಿಗ್ಗೆ ನಾನು ಗುಂಡಿಯೊತ್ತಿದೆ. ಕಾರು ಚಂಗನೆ ಜಿಗಿದು, ಜಗಲಿಯ ಮೆಟ್ಟಿಲಿಗೆ ಬಡಿದು ನಿಂತಿತು. ದಿನವೂ ಆ ಹೊತ್ತಿಗೆ ಪತ್ನಿ ಅಲ್ಲೇ ಕಸ ಗುಡಿಸುತ್ತಿರುತ್ತಾಳೆ. ಅಂದು ನೀರು ತರಲೆಂದು ಆಗಷ್ಟೇ ಒಳಗೆ ಹೋಗಿದ್ದಳು. ಅವಳು ಇಟ್ಟುಹೋದ ಪೊರಕೆ ಚಕ್ರದಡಿ ನಲುಗಿತ್ತು.

ಅಂದು ಆಗಮನ ಕಾಲದ ಮೊದಲ ಭಾನುವಾರ. ಗುರುಗಳು ಮತ್ತಾಯನ ಶುಭಸಂದೇಶದ 24ನೆಯ ಅಧ್ಯಾಯದಿಂದ, ಕಳ್ಳ ಬರುವ ಗಳಿಗೆಯನ್ನು ಅರಿಯದ ಮನೆಯ ಯಜಮಾನನ ಸಾಮತಿಯನ್ನು ಓದಿದರು. ನಡುಗುವ ಕೈಗಳನ್ನು ಮಡಚಿಕೊಂಡು ಕೇಳಿದೆ. ಹೊರಗಿನ ಕಳ್ಳನಿಗಾಗಿ ನಾನು ಎಚ್ಚರವಾಗಿಯೇ ಇದ್ದೆ. ಅಪಾಯ ಬಂದದ್ದು ಯಜಮಾನನ ಕೈಯಿಂದಲೇ.

ಆ ಪುಟ್ಟ ತಂತಿ ಒಬ್ಬ ಸಾಕ್ಷಿ. ‘ಬೇಡ, ತಡೆ’ ಎನ್ನುವುದೇ ಅದರ ಕೆಲಸ. ಅದರ ಬಾಯಿಂದ ನಾನು ಸುಳ್ಳು ಸಾಕ್ಷಿ ನುಡಿಸಿದೆ. ದೇವರ ಎಂಟನೆಯ ಕಟ್ಟಳೆಯನ್ನು ಬಾಲ್ಯದಿಂದ ಬಾಯಿಪಾಠ ಮಾಡಿದವನು ನಾನು! ನಮ್ಮೊಳಗೂ ಅಂಥದೊಂದು ತಂತಿಯುಂಟು. ಕನ್ನಡ ಅದನ್ನು ಮನಸ್ಸಾಕ್ಷಿ ಎಂದು ಕರೆಯುತ್ತದೆ. ಅಂಗಡಿಯ ತಕ್ಕಡಿಯ ಮುಂದೆ, ಅಣ್ಣತಮ್ಮಂದಿರ ಆಸ್ತಿಯ ಕಾಗದದ ಮುಂದೆ ಅದು ‘ತಡೆ’ ಎಂದಾಗ ಕಿರಿಕಿರಿಯೆನಿಸುತ್ತದೆ. ಒಮ್ಮೆ ಬಾಯಿ ಕಟ್ಟಿದರೆ ಕೆಲವು ದಿನ ಎಲ್ಲವೂ ಸುಗಮ. ಕಾರು ಗೇರಿನಲ್ಲಿರುವ ದಿನ ಮಾತ್ರ ಬಂದೇ ಬರುತ್ತದೆ.

ಅಂದೇ ಸಂಜೆ ಸ್ಟಾರ್ಟರ್ ತಂತಿಯನ್ನು ಕತ್ತರಿಸಿದೆ. ಅಲಾರಂ ಮಾತ್ರ ಉಳಿಸಿಕೊಂಡೆ. ಇಳಿಜಾರಿನ ಅಂಗಳಕ್ಕೆ ಆ ಸುಖ ಹೊಂದುವುದಿಲ್ಲ. ಈಗ ಚಳಿಯಲ್ಲೇ ಹೋಗಿ ಕುಳಿತು, ಶಿಲುಬೆಯ ಗುರುತು ಮಾಡಿ, ಗೇರು ಮುಟ್ಟಿ ನೋಡಿ, ಕ್ಲಚ್ ಒತ್ತಿ ಕೀಲಿ ತಿರುಗಿಸುತ್ತೇನೆ. ಹಾಗೆ ಮಾಡುವ ಮುನ್ನ ಮೆಟ್ಟಿಲ ಬಳಿ ಯಾರಿದ್ದಾರೆಂದು ಒಮ್ಮೆ ನೋಡುತ್ತೇನೆ.

ಓದುಗರೇ, ನಿಮ್ಮ ಮನೆಯಲ್ಲಿಯೂ ಬಾಯಿ ಕಟ್ಟಿಸಿಕೊಂಡ ತಂತಿಯೊಂದು ಇದ್ದೀತು. ಈ ಆಗಮನ ಕಾಲದಲ್ಲಿ ಅದನ್ನು ಬಿಚ್ಚಿರಿ.