ಜಾಂಗೊ 2 ಮತ್ತು ಉದುರಿಹೋಗುವ ಒತ್ತಕ್ಷರಗಳು

ಜರ್ನಲಿಸಂ ಓದಿದವನಿಗೆ ಪ್ರೋಗ್ರಾಮಿಂಗ್ ಯಾಕೆ ಮಾರಾಯಾ ಅಂತ ನಮ್ಮ ಬ್ಯಾಚಿನವರು ಸಿಕ್ಕಾಗಲೆಲ್ಲ ಕೇಳುತ್ತಾರೆ. ನನ್ನ ಉತ್ತರ ಒಂದೇ. ನಾನು ಕಲಿತ ಜಾಂಗೊ ಹುಟ್ಟಿದ್ದೇ ಒಂದು ಪತ್ರಿಕೆಯ ಆಫೀಸಿನಲ್ಲಿ.

ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಲಾರೆನ್ಸ್ ಅಂತ ಒಂದು ಊರು. ಅಲ್ಲಿನ ಸ್ಥಳೀಯ ಪತ್ರಿಕೆ 'ಲಾರೆನ್ಸ್ ಜರ್ನಲ್-ವರ್ಲ್ಡ್'. 2003ರಲ್ಲಿ ಅದರ ವೆಬ್ ವಿಭಾಗದಲ್ಲಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಇದನ್ನು ಬರೆಯಲು ಶುರು ಮಾಡಿದರು. ಹೊಲೊವಾಟಿ ನಮ್ಮ ಹಾಗೆಯೇ ಪತ್ರಿಕೋದ್ಯಮ ಓದಿದವರು. ಸುದ್ದಿಮನೆಯ ಕೆಲಸ ಹೇಗೆಂದು ನಿಮಗೆ ಗೊತ್ತಲ್ಲ, ಬೆಳಿಗ್ಗೆ ಕೇಳಿದ್ದು ಸಂಜೆಗೆ ತಯಾರಿರಬೇಕು. ಲಾಗಿನ್, ಡೇಟಾಬೇಸ್, ಸುದ್ದಿ ತುಂಬುವ ಪುಟ ಎಲ್ಲವನ್ನೂ ಪ್ರತಿಸಲ ಹೊಸದಾಗಿ ಕಟ್ಟುತ್ತ ಕೂರಲಾಗದೆ ಮಾಡಿಟ್ಟುಕೊಂಡ ಚೌಕಟ್ಟು ಅದು. 2005ರ ಜುಲೈಯಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಹೆಸರು ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್ ಅವರದ್ದು. ಜಾಂಗೊ ಕೈಪಿಡಿ ತೆರೆದರೆ ಶುರುವಿನಲ್ಲೇ ಸಿಗುವ ಉದಾಹರಣೆ 'ರಿಪೋರ್ಟರ್' ಮತ್ತು 'ಆರ್ಟಿಕಲ್'. ಹೆಡ್‌ಲೈನ್, ಪ್ರಕಟವಾದ ದಿನಾಂಕ, ಬರೆದವರು ಯಾರು. ಇದೆಲ್ಲ ನಮಗೆ ಫಸ್ಟ್ ಇಯರ್ ಪಾಠ!

ನಾನು ನೋಡಿಕೊಳ್ಳುವ ವೆಬ್‌ಸೈಟ್ ನಮ್ಮ ತಾಲೂಕಿನ ಒಂದು ವಾರಪತ್ರಿಕೆಯದ್ದು. ಸೀನಿಯರ್ ಒಬ್ಬರು ಜಾಂಗೊ 1.8, ಪೈಥಾನ್ 2.7ರಲ್ಲಿ ಕಟ್ಟಿಕೊಟ್ಟು ಬೆಂಗಳೂರಿಗೆ ಹೋದರು. 2019ರ ಮಳೆಗಾಲಕ್ಕೆ ಅದು ನನ್ನ ಕೈಗೆ ಬಂತು. ಆ ಹೊತ್ತಿಗೆ 1.8ರ ಬೆಂಬಲ ಮುಗಿದು ವರ್ಷ ಕಳೆದಿತ್ತು. ಪೈಥಾನ್ 2 ಕೂಡ 2020ರ ಜನವರಿ 1ಕ್ಕೆ ನಿಲ್ಲುವುದಿತ್ತು. ನಿಲ್ಲುವುದು ಅಂದರೆ ಸೈಟ್ ಬಂದ್ ಆಗುವುದಲ್ಲ. ಮುಂದೆ ಭದ್ರತೆಯ ತೂತು ಕಂಡರೂ ಮುಚ್ಚುವವರಿಲ್ಲ ಅಂತ ಅರ್ಥ. 2017ರ ಡಿಸೆಂಬರಿನಲ್ಲಿ ಬಂದ ಜಾಂಗೊ 2.0 ಪೈಥಾನ್ 2 ಅನ್ನು ಪೂರ್ತಿ ಕೈಬಿಟ್ಟಿತ್ತು. ಹಾಗಾಗಿ ಎರಡನ್ನೂ ಒಟ್ಟಿಗೆ ಕಲಿಯಬೇಕಾಯಿತು.

ಹೊಸ ಆವೃತ್ತಿ ಅಂದಕೂಡಲೇ ಯೂಟ್ಯೂಬಿನಲ್ಲಿ ಮೊದಲ ಪಾಠದಿಂದ ಶುರು ಮಾಡುವವರಿದ್ದಾರೆ. ಅದು ಬೇಡ. ಪ್ರತಿ ಆವೃತ್ತಿಯ ಜೊತೆ 'ರಿಲೀಸ್ ನೋಟ್ಸ್' ಬರುತ್ತದೆ, ಅದನ್ನು ಓದಿ. ಏನು ಸೇರಿತು, ಏನು ಹೋಯಿತು, ಮುಂದೆ ಏನು ಹೋಗಲಿದೆ, ಎಲ್ಲ ಅದರಲ್ಲಿದೆ. ಜಾಂಗೊದವರು ಯಾವುದನ್ನೂ ಏಕಾಏಕಿ ತೆಗೆಯುವುದಿಲ್ಲ. ಕನಿಷ್ಠ ಎರಡು ಆವೃತ್ತಿಗಳ ಕಾಲ ಎಚ್ಚರಿಕೆ ಕೊಟ್ಟು ಆಮೇಲೆ ತೆಗೆಯುತ್ತಾರೆ. ನಾನು ಮೊದಲು 1.8ರಿಂದ 1.11ಕ್ಕೆ ಬಂದೆ. ಅದು ಹಳೆಯ ಪೈಥಾನಿನಲ್ಲೂ ಹೊಸದರಲ್ಲೂ ಓಡುವ ಕೊನೆಯ ಆವೃತ್ತಿ, ಹೊಳೆ ದಾಟುವವನಿಗೆ ನಡುವೆ ಸಿಗುವ ಬಂಡೆಯ ಹಾಗೆ. ಅಲ್ಲಿ ನಿಂತು ಪೈಥಾನ್ ಬದಲಿಸಿ, ಎಚ್ಚರಿಕೆಗಳನ್ನು ಒಂದೊಂದಾಗಿ ಸರಿಮಾಡಿ, ಆಮೇಲೆ 2.2ಕ್ಕೆ ಹೋದೆ.

ಆ ಎಚ್ಚರಿಕೆಗಳಲ್ಲಿ ಒಂದು ನನ್ನನ್ನು ಎಡಿಟರ್ ಟೇಬಲ್ಲಿಗೇ ಕಳಿಸಿತು.

ಆರ್ಟಿಕಲ್‌ಗೂ ರಿಪೋರ್ಟರ್‌ಗೂ ಒಂದು ಕೊಂಡಿ ಇರುತ್ತದೆ, ಅದರ ಹೆಸರು 'ಫಾರಿನ್ ಕೀ'. ಹಳೆಯ ಜಾಂಗೊದಲ್ಲಿ ಏನೂ ಹೇಳದೆ ಬಿಟ್ಟರೆ ಅದು ತಾನೇ ಒಂದು ತೀರ್ಮಾನ ಮಾಡಿಕೊಳ್ಳುತ್ತಿತ್ತು. ರಿಪೋರ್ಟರ್ ಹೆಸರು ಅಳಿಸಿದರೆ ಅವರು ಬರೆದ ವರದಿಗಳೆಲ್ಲ ಜೊತೆಗೇ ಅಳಿಸಿಹೋಗುತ್ತವೆ. ಅಡ್ಮಿನ್ ಪುಟ ಪಟ್ಟಿ ತೋರಿಸಿ ಒಮ್ಮೆ ಕೇಳುತ್ತದೆ ನಿಜ, 'ಹೌದು' ಒತ್ತಿದರೆ ಮುಗಿಯಿತು. 2.0ರಿಂದ ಇದು ನಡೆಯುವುದಿಲ್ಲ. 'ಆನ್ ಡಿಲೀಟ್' ಏನು ಅಂತ ನಾವೇ ಬರೆಯಬೇಕು, ಬರೆಯದಿದ್ದರೆ ಪ್ರೋಗ್ರಾಮ್ ಶುರುವೇ ಆಗುವುದಿಲ್ಲ. ಮುಖ್ಯವಾಗಿ ಮೂರು ದಾರಿ. 'ಕ್ಯಾಸ್ಕೇಡ್' ಅಂದರೆ ಎಲ್ಲ ಅಳಿಸು. 'ಸೆಟ್ ನಲ್' ಅಂದರೆ ವರದಿ ಇರಲಿ, ಬರೆದವರ ಜಾಗ ಖಾಲಿ ಬಿಡು. 'ಪ್ರೊಟೆಕ್ಟ್' ಅಂದರೆ ವರದಿ ಇರುವ ತನಕ ಹೆಸರು ಅಳಿಸಲು ಬಿಡಬೇಡ.

ಇದು ಕಂಪ್ಯೂಟರಿನ ಪ್ರಶ್ನೆಯೇ ಅಲ್ಲ. ನಮ್ಮ ಹಳ್ಳಿ ವರದಿಗಾರರು ಎಷ್ಟು ಜನ ಬಂದು ಹೋಗುತ್ತಾರೆ! ಕೆಲವರಿಗೆ ಸಂಬಳವೇ ಇಲ್ಲ, ಕೆಲವರು ಎರಡು ವರ್ಷ ಬರೆದು ಗಲ್ಫಿಗೆ ಹೋಗುತ್ತಾರೆ. ಹಾಗೆ ಹೋದ ಒಬ್ಬರು ಮುರಿದುಬಿದ್ದ ಕಾಲುಸಂಕವೊಂದರ ಬಗ್ಗೆ ಮೂರು ಮಳೆಗಾಲ ಬಿಡದೆ ಬರೆದಿದ್ದರು. ಆ ಊರಿನವರು ಈಗಲೂ ಮನವಿ ಕೊಡಲು ತಾಲೂಕು ಆಫೀಸಿಗೆ ಹೋಗುವಾಗ ಆ ವರದಿಗಳ ಪ್ರಿಂಟ್ ತೆಗೆದುಕೊಂಡು ಹೋಗುತ್ತಾರೆ. ಕೆಲಸ ಬಿಟ್ಟವರ ಪಟ್ಟಿ ಚೊಕ್ಕ ಮಾಡುವ ಭರದಲ್ಲಿ ಯಾರೋ ಒಬ್ಬರು ಆ ಹೆಸರು ಅಳಿಸಿದ್ದರೆ?

"ಸರ್, ರಿಪೋರ್ಟರ್ ಹೋದರೆ ಅವರ ಸುದ್ದಿ ಏನು ಮಾಡುವುದು?" ಅಂತ ಕೇಳಿದೆ.

ಎಡಿಟರ್ ಕನ್ನಡಕ ತೆಗೆದಿಟ್ಟು, "ಸುದ್ದಿ ಊರಿನದ್ದು, ಅದನ್ನು ತೆಗೆಯುವ ಹಾಗಿಲ್ಲ. ಹೆಸರು ಅವರದ್ದು, ಅದನ್ನೂ ತೆಗೆಯುವ ಹಾಗಿಲ್ಲ" ಅಂದರು.

ಪ್ರೊಟೆಕ್ಟ್ ಅಂತ ಬರೆದೆ. ಕೆಲಸ ಬಿಟ್ಟವರನ್ನು ಗುರುತಿಸಲು ಬೇರೆ ಒಂದು ಗುರುತಿನ ಕಾಲಂ ಮಾಡಿದೆ. ಒಂದೇ ಪದದ ಬದಲಾವಣೆ. ಆದರೆ ಇಷ್ಟು ವರ್ಷ ಆ ತೀರ್ಮಾನವನ್ನು ನಮ್ಮನ್ನು ಕೇಳದೆ ಸಾಫ್ಟ್‌ವೇರ್ ಮಾಡುತ್ತಿತ್ತು, ಈಗ ಅದು ಎಡಿಟರ್ ಕೈಗೆ ಬಂತು.

ಇನ್ನು ಕನ್ನಡದ ವಿಷಯ. ಪೈಥಾನ್ 2ಕ್ಕೆ ಮಾಮೂಲಿ ಪಠ್ಯ ಅಂದರೆ ಬರೀ ಬೈಟುಗಳು. ಯುನಿಕೋಡ್ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್ ಬೇಕು. 'ಕನ್ನಡ' ಎಂಬ ಪದದ ಉದ್ದ ಕೇಳಿದರೆ ಅದು 15 ಅನ್ನುತ್ತಿತ್ತು. ಹೆಡ್‌ಲೈನ್ ಚಿಕ್ಕದು ಮಾಡಲು ಹೋದರೆ ಅಕ್ಷರದ ಹೊಟ್ಟೆಯಲ್ಲೇ ಕತ್ತರಿ ಬಿದ್ದು ಪ್ರಶ್ನಾರ್ಥಕದ ಡಬ್ಬಿ ಕಾಣುತ್ತಿತ್ತು. ಪೈಥಾನ್ 3ರಲ್ಲಿ ಉತ್ತರ 5. ಕ, ನ, ಹಲಂತದ ಚಿಹ್ನೆ, ಮತ್ತೆ ನ, ಡ. ನಮ್ಮ ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಆದರೂ 15ರಿಂದ 5ಕ್ಕೆ ಬಂದದ್ದು ಸಣ್ಣ ಮಾತಲ್ಲ. ಹಳೆಯ ಕೋಡಿನಲ್ಲಿ ಪ್ರತಿ ಕನ್ನಡ ಪದದ ಹಿಂದೆ ಹಾಕಿದ್ದ 'ಯು' ಅಕ್ಷರವನ್ನೆಲ್ಲ ಅಳಿಸುವಾಗ ಒಳ್ಳೆ ಸಮಾಧಾನವಾಯಿತು.

ಆ ಖುಷಿಯಲ್ಲಿ ಎಡಿಟರ್ ಒಂದು ಆಸೆ ಹೇಳಿದರು. ಸುದ್ದಿಯ ವೆಬ್ ವಿಳಾಸವೂ ಕನ್ನಡದಲ್ಲೇ ಇರಲಿ. ಹೆಡ್‌ಲೈನನ್ನು ವಿಳಾಸ ಮಾಡಿಕೊಡುವ 'ಸ್ಲಗಿಫೈ' ಜಾಂಗೊದಲ್ಲಿ ಇದೆ. ಸುಮ್ಮನೆ ಕೊಟ್ಟರೆ ಕನ್ನಡವನ್ನು ಪೂರ್ತಿ ಕಿತ್ತು ಖಾಲಿ ಕೈಗೆ ಕೊಡುತ್ತದೆ. 1.9ರಿಂದ ಯುನಿಕೋಡ್ ಒಪ್ಪಿಕೋ ಅಂತ ಹೇಳುವ ಸೌಲಭ್ಯ ಬಂದಿದೆ. ಹೇಳಿದೆ. 'ನೀರು' ಹೋಗಿ 'ನರ' ಬಂತು! 'ಶಾಲೆ' ಹೋಗಿ 'ಶಲ', 'ಕನ್ನಡ' ಹೋಗಿ 'ಕನನಡ'. ಪೈಥಾನಿನ ಹುಡುಕುವ ನಿಯಮದಲ್ಲಿ ಅಕ್ಷರ ಅಂದರೆ ಮೂಲಾಕ್ಷರ ಮಾತ್ರ. ದೀರ್ಘ, ಕೊಂಬು, ಎತ್ವ, ಅನುಸ್ವಾರ, ಹಲಂತ ಯಾವುದೂ ಅಕ್ಷರವಲ್ಲ ಅಂತ ಉದುರಿಸಿಬಿಡುತ್ತದೆ. ಒತ್ತಕ್ಷರ ಬಿಚ್ಚಿಹೋಗುವುದೂ ಹಾಗೆಯೇ. ಹಿಂದಿಯ ಮಾತ್ರೆಗಳಿಗೂ ಇದೇ ಗತಿ.

ಕೊನೆಗೆ ಹೊಸ ಸುದ್ದಿಗಳಿಗೆ ವರ್ಷ ಮತ್ತು ಸುದ್ದಿಯ ಸಂಖ್ಯೆ ಸೇರಿಸಿ ವಿಳಾಸ ಮಾಡಿದೆವು. 'ನರ' ಅನ್ನುವುದಕ್ಕಿಂತ ಅಂಕಿ ವಾಸಿ. ಜಾಂಗೊ 2ರಲ್ಲಿ ವಿಳಾಸ ಬರೆಯುವ 'ಪಾಥ್' ಎಂಬ ಹೊಸ ರೀತಿ ಬಂದು ಹಳೆಯ ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ ಗೋಜು ತಪ್ಪಿದೆ, ಇದಕ್ಕೆ ಅದು ಒಳ್ಳೆಯದಾಯಿತು. ಹಳೆಯ ಸುದ್ದಿಗಳಿಗೆ ಮಾತ್ರ ಹಳೆಯ ರೀತಿಯನ್ನೇ ಉಳಿಸಿದೆವು, ಅದಕ್ಕೂ ಅವಕಾಶ ಇಟ್ಟಿದ್ದಾರೆ. ಮನವಿ ಪತ್ರಗಳ ಕೆಳಗೆ ಅಚ್ಚಾದ ಕಾಲುಸಂಕದ ಸುದ್ದಿಯ ವಿಳಾಸ ಈಗಲೂ ಒತ್ತಿದರೆ ತೆರೆಯುತ್ತದೆ.

ಆಮೇಲೆ 3.2 ಬಂತು, 4.2 ಬಂತು. ಎಚ್ಚರಿಕೆ ಓದುವ ಅಭ್ಯಾಸ ಆದ ಮೇಲೆ ಒಂದೊಂದಕ್ಕೆ ವಾರವೂ ಬೇಕಾಗಲಿಲ್ಲ. ಸ್ಲಗಿಫೈನಲ್ಲಿ ಮಾತ್ರ ನೀರು ಇನ್ನೂ ನರವೇ. ಬೈಟಿನಿಂದ ಅಕ್ಷರದ ತನಕ ತಂದವರು ಬೇರೆ ಯಾರೋ ಪುಣ್ಯಾತ್ಮರು. ಅಲ್ಲಿಂದ ಮುಂದೆ ಒತ್ತಕ್ಷರದ ತನಕ ತರಲು 'ನೀರು' ಮತ್ತು 'ನರ'ದ ವ್ಯತ್ಯಾಸ ಗೊತ್ತಿರುವವರೇ ಬೇಕು. ಪ್ರೂಫ್ ತಿದ್ದಿ ಗೊತ್ತಿರುವ ನಮ್ಮವರಲ್ಲಿ ಯಾರಿಗಾದರೂ ಆಸಕ್ತಿ ಇದ್ದರೆ ಹೇಳಿ, ಒಟ್ಟಿಗೆ ಕೂರುವ.