ಶಾಲೆಯ ಮಾಮಾ

ಮುಂಬಯಿಯ ಶಾಲೆಗಳಲ್ಲಿ ಸಿಪಾಯಿಯನ್ನು ಮಕ್ಕಳು ‘ಮಾಮಾ’ ಎನ್ನುತ್ತಾರೆ. ಆಯಾ ಆದರೆ ‘ಮಾವಶಿ’. ಸೋದರಮಾವನನ್ನೂ ಚಿಕ್ಕಮ್ಮನನ್ನೂ ಊರಿನಲ್ಲೇ ಬಿಟ್ಟು ಬಂದ ನಮ್ಮಂಥವರಿಗೆ ಈ ಮರಾಠಿ ಕರೆ ಬರಿಯ ಮರ್ಯಾದೆಯ ಮಾತಾಗಿರಲಿಲ್ಲ. ಹುಡುಗರು ಹಾದಿ ತಪ್ಪದಂತೆ ತಡೆಯುವವರು ಯಾರೆಂದರೆ ಸಭೆಗಳಲ್ಲಿ ತಂದೆತಾಯಿ, ಗುರುಗಳು, ಪೋಲೀಸರು ಎಂದು ಪಟ್ಟಿ ಬರುತ್ತದೆ. ಗಂಟೆ ಬಾರಿಸುವವನ ಹೆಸರು ಆ ಪಟ್ಟಿಯಲ್ಲಿದ್ದುದನ್ನು ನಾವಂತೂ ಕಂಡಿಲ್ಲ.

ನಾವು ರಾತ್ರಿ ಶಾಲೆಯಲ್ಲಿ ಓದಿದವರು. ದಕ್ಷಿಣ ಕನ್ನಡದಿಂದ ಬಂದು, ಹಗಲೆಲ್ಲ ಹೋಟೆಲಿನ ಮೇಜು ಒರೆಸಿ, ಸಂಜೆ ಪುಸ್ತಕ ಹಿಡಿದವರು. ಈ ನಗರದಲ್ಲಿ ಮೊಗವೀರ ಸಮಾಜದ ರಾತ್ರಿ ಶಾಲೆ 1908ರಲ್ಲೇ ತೆರೆದಿತ್ತು. ಅದೇ ಪರಂಪರೆಯ ಒಂದು ಚಿಕ್ಕ ಶಾಲೆ ನಮ್ಮದು.

1982ರ ಜನವರಿ 18ರಂದು ಗಿರಣಿ ಮುಷ್ಕರ ಆರಂಭವಾಯಿತು. ಸುಮಾರು 2.5 ಲಕ್ಷ ಕಾರ್ಮಿಕರ ಮನೆಗಳಲ್ಲಿ ಒಲೆ ತಣ್ಣಗಾದ ಕಾಲ. ಲಾಲ್‌ಬಾಗ್, ಪರೇಲ್ ಕಡೆಯ ಎಷ್ಟೋ ಹುಡುಗರು ಆಮೇಲೆ ಗ್ಯಾಂಗುಗಳ ಪಾಲಾದರು. ಹೋಟೆಲು ಹುಡುಗರಿಗೆ ಬಂದ ಆಮಿಷ ಬೇರೆ: ಮಟ್ಕಾ ಚೀಟಿ. ರಾತ್ರಿ ಒಂಬತ್ತಕ್ಕೆ ‘ಓಪನ್’, ನಡುರಾತ್ರಿಗೆ ‘ಕ್ಲೋಜ್’. ಇವೆರಡರ ನಡುವೆ, ಸರಿಯಾಗಿ ಒಂಬತ್ತೂವರೆಗೆ, ನಮ್ಮ ಶಾಲೆ ಬಿಡುತ್ತಿತ್ತು! ಚೀಟಿ ಸಾಗಿಸಲು ಕೈಯಲ್ಲಿ ಪಠ್ಯಪುಸ್ತಕವಿರುವ ಹುಡುಗನಿಗಿಂತ ಅನುಕೂಲದವನು ಬೇಕೆ?

ನಮ್ಮ ತರಗತಿಯ ಒಬ್ಬನ ಕೈಗೆ ಹೊಸ ಗಡಿಯಾರ ಬಂತು. ಮಾಸ್ತರರ ಕಣ್ಣು ಹಲಗೆಯ ಮೇಲೆ, ಮಾಮಾನ ಕಣ್ಣು ಗೇಟಿನ ಮೇಲೆ. ಆ ಹುಡುಗನ ಸಂಬಳವೆಷ್ಟು, ಅದರಲ್ಲಿ ಊರಿಗೆ ಹೋಗುವುದೆಷ್ಟು ಎಂಬುದು ಅವನಿಗೆ ಗೊತ್ತು. ನಮಗೆಲ್ಲ ಮನಿಯಾರ್ಡರಿನ ಫಾರಂ ತಂದುಕೊಡುತ್ತಿದ್ದವನೇ ಅವನು. ಹೆಡ್ಮಾಸ್ತರರಿಗೆ ಹೇಳಲಿಲ್ಲ, ಠಾಣೆಗೂ ಹೋಗಲಿಲ್ಲ. “ಕಿಟಕಿ ಮುಚ್ಚಲು ನನ್ನೊಬ್ಬನಿಂದ ಆಗುವುದಿಲ್ಲ, ನೀನು ನಿಲ್ಲು” ಎಂದ. ಕಿಟಕಿಗಳಿದ್ದುದು ಆರೇ ಆರು! ಅವನ್ನು ಮುಚ್ಚಿ, ಬೆಂಚು ಸರಿಸಿ, ಬೀಗ ಹಾಕಿ, ಹುಡುಗನನ್ನು ಹೋಟೆಲಿನ ಹಿಂಬಾಗಿಲವರೆಗೆ ಬಿಟ್ಟು ಬರುವಾಗ ಹತ್ತೂವರೆ. ಹೀಗೆ ಒಂದು ತಿಂಗಳು. ಬೀದಿಯ ಮೂಲೆಯಲ್ಲಿ ಕಾಯುತ್ತಿದ್ದವನು ಬೇಸತ್ತು ಬೇರೆ ಕಡೆ ಹೋದ. ನಮ್ಮವನು ಎಸ್.ಎಸ್.ಸಿ.ಯನ್ನು ಎರಡನೆಯ ಸಲಕ್ಕೆ ದಾಟಿದ. ಎಲ್ಲರೂ ಉಳಿದರೆಂದಲ್ಲ. ಇನ್ನೊಬ್ಬನನ್ನು ಮಾಮಾ ಎರಡು ವಾರ ಹುಡುಕಿದ. ಸಿಕ್ಕಿದ್ದು ಡೋಂಗ್ರಿಯ ರಿಮಾಂಡ್ ಹೋಮಿನಲ್ಲಿ.

ಈಗ ಶಾಲೆಗಳಲ್ಲಿ ಕ್ಯಾಮೆರಾ ಇದೆ, ಕೆಲವೆಡೆ ಆಪ್ತಸಲಹೆಗಾರರೂ ಇದ್ದಾರೆ. ಬೇಡವೆನ್ನುವುದಿಲ್ಲ. ಆದರೆ ಕ್ಯಾಮೆರಾ ಕಂಡದ್ದನ್ನು ನಾವು ನೋಡುವುದು ಕೃತ್ಯ ನಡೆದ ಮೇಲೆ. ಮೂರು ದಿನ ಡಬ್ಬಿ ತಾರದ ಹುಡುಗ, ಹಿಂಬದಿಯ ಗೋಡೆಯಾಚೆ ದಿನವೂ ನಿಲ್ಲುವ ಮೋಟಾರ್ ಸೈಕಲ್ಲು, ಇವು ಮಾವಶಿಯ ಕಣ್ಣಿಗೆ ಮೊದಲು ಬೀಳುತ್ತವೆ. ತಡವಾಗಿ ಕಂಡರೆ ಬೆಲೆ ದೊಡ್ಡದು: 2015ರ ಬಾಲನ್ಯಾಯ ಕಾನೂನಿನಂತೆ ಘೋರ ಅಪರಾಧದ ಆರೋಪ ಹೊತ್ತ, 16 ತುಂಬಿದ ಹುಡುಗನನ್ನು ಬಾಲನ್ಯಾಯ ಮಂಡಳಿಯ ಪರಿಶೀಲನೆಯ ನಂತರ ವಯಸ್ಕರಂತೆಯೇ ವಿಚಾರಣೆಗೆ ಒಪ್ಪಿಸಬಹುದು.

ಇಂಥ ಸಮಯದಲ್ಲೇ ಮಾಮಾನ ಕುರ್ಚಿ ಖಾಲಿಯಾಗುತ್ತಿದೆ. ಅನುದಾನಿತ ಶಾಲೆಗಳಲ್ಲಿ ತೆರವಾಗುವ ಸಿಪಾಯಿ ಹುದ್ದೆಯನ್ನು ಮತ್ತೆ ತುಂಬದೆ, ಶಾಲೆಗೆ ತಿಂಗಳ ಭತ್ಯೆ ಮಾತ್ರ ಕೊಡುವುದೆಂದು ಮಹಾರಾಷ್ಟ್ರ ಸರಕಾರ 2020ರ ಡಿಸೆಂಬರ್‌ನಲ್ಲಿ ಆದೇಶ ಹೊರಡಿಸಿತು. ಉಳಿತಾಯವಾದದ್ದು ಎಷ್ಟೋ, ಲೆಕ್ಕದವರು ಹೇಳಲಿ. ನಮ್ಮ ಮೊಮ್ಮಕ್ಕಳ ಶಾಲೆಯ ಗೇಟಿನಲ್ಲಿ ಈಗ ಗುತ್ತಿಗೆಯ ಕಾವಲುಗಾರ. ಒಳ್ಳೆಯ ಹುಡುಗ, ಎದ್ದು ನಿಂತು ನಮಸ್ಕಾರ ಮಾಡುತ್ತಾನೆ. ಆರನೆಯ ಇಯತ್ತೆಯ ಮಕ್ಕಳಲ್ಲಿ ಇವತ್ತು ಯಾರು ಬಂದಿಲ್ಲ ಎಂದು ಕೇಳಿದೆವು. ತಾನು ಬಂದು ಹತ್ತೇ ದಿನವಾಯಿತೆಂದೂ, ಮುಂದಿನ ತಿಂಗಳು ಅಂಧೇರಿಯ ಒಂದು ಗೋದಾಮಿಗೆ ಹೋಗಬೇಕಾಗಿದೆಯೆಂದೂ ಹೇಳಿದ.