ಅಂತ್ಯಕಾಲದ ಲೆಕ್ಕ ಯಾರ ಕೈಯಲ್ಲಿದೆ?



ಪೂಜಾವರ್ಷದ ಕೊನೆಯ ಭಾನುವಾರಗಳು ಬಂದವೆಂದರೆ ಬಲಿಪೂಜೆಯ ವಾಚನಗಳ ಧ್ವನಿಯೇ ಬದಲಾಗುತ್ತದೆ. ಸೂರ್ಯ ಕಪ್ಪಾಗುವುದು, ನಕ್ಷತ್ರಗಳು ಉದುರುವುದು, ದೇಶದೇಶಗಳು ಕಾದಾಡುವುದು ಎಲ್ಲವೂ ಕಿವಿಗೆ ಬೀಳುತ್ತವೆ. ಆಗಮನ ಕಾಲದ ಮೊದಲ ಭಾನುವಾರವೂ ಎಚ್ಚರವಾಗಿರಿ ಎಂದೇ ಶುರುವಾಗುತ್ತದೆ. ದೇವಾಲಯದಿಂದ ಹೊರಗೆ ಬಂದು ಮೊಬೈಲ್ ತೆಗೆದರೆ ಅಲ್ಲಿ ಬೇರೆಯದೇ ಪ್ರಸಂಗ. ಎಲ್ಲೋ ಯುದ್ಧ, ಎಲ್ಲೋ ಭೂಕಂಪ. ಕೂಡಲೇ ಒಂದು ವಿಡಿಯೊ: 'ಇದೇ ಕೊನೆಯ ಗುರುತು, ಹತ್ತು ಜನಕ್ಕೆ ಕಳಿಸಿ.'

ನಗುತ್ತಾ ಬಿಟ್ಟುಬಿಡುವ ವಿಷಯವಲ್ಲ ಇದು. ಕೊರೊನಾ ಕಾಲದಲ್ಲಿ ಲಸಿಕೆಯೇ ಪ್ರಕಟನಾ ಗ್ರಂಥದ 666ರ ಗುರುತು ಎಂಬ ಸುದ್ದಿ ಹರಡಿದಾಗ ನಮ್ಮ ಕೆಲವು ಮನೆಗಳಲ್ಲೂ ಅಜ್ಜ ಅಜ್ಜಿಯರು ಸೂಜಿ ಚುಚ್ಚಿಸಿಕೊಳ್ಳಲು ಹೆದರಿದರು. ಮೊನ್ನೆ ನಮ್ಮ ಯುವ ಬಳಗದ ಒಬ್ಬ ಹುಡುಗ, 'ಲೋಕವೇ ಮುಗಿಯುತ್ತಂತೆ, ಐಟಿಐ ಫೀಸು ಯಾಕೆ ಕಟ್ಟಬೇಕು?' ಎಂದ. ಅರ್ಧ ತಮಾಷೆ, ಅರ್ಧ ನಿಜ. ಹಾಗಾಗಿ ಈ ಸಲ ನಾವೆಲ್ಲ ಕೂತು ಆ ಅಧ್ಯಾಯಗಳನ್ನೇ ಓದಿದೆವು.

ಮೊದಲು 666. ಹೀಬ್ರೂ ಭಾಷೆಯಲ್ಲಿ ಅಕ್ಷರಗಳೇ ಅಂಕಿಗಳೂ ಹೌದು. 'ನೀರೋ ಕೈಸರ್' ಎಂಬ ಹೆಸರನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಕೂಡಿಸಿದರೆ 666 ಬರುತ್ತದೆ. ಕ್ರೈಸ್ತರನ್ನು ಹಿಂಸಿಸಿದ ರೋಮ್ ಚಕ್ರವರ್ತಿ ಅವನು. ಸಂತ ಯೊವಾನ್ನರ ಓದುಗರಿಗೆ ಅದು ಗುಟ್ಟಿನ ಮಾತಾಗಿ ಅರ್ಥವಾಗಿದ್ದಿರಬೇಕು ಎನ್ನುತ್ತಾರೆ ಬಹಳಷ್ಟು ಬೈಬಲ್ ಪಂಡಿತರು. ಪ್ರಕಟನಾ ಗ್ರಂಥ ಹೆದರಿಸಲು ಬರೆದ ಪುಸ್ತಕವಲ್ಲ. ಹೆದರಿ ಕೂತವರಿಗೆ, 'ಚಕ್ರವರ್ತಿಯ ಆಟ ಶಾಶ್ವತವಲ್ಲ, ಕೊನೆಯ ಮಾತು ಕುರಿಮರಿಯದು' ಎಂದು ಧೈರ್ಯ ಹೇಳಲು ಬರೆದದ್ದು.

ಇನ್ನು ತಾರೀಖಿನ ಲೆಕ್ಕ. ಅಮೆರಿಕದ ವಿಲಿಯಂ ಮಿಲ್ಲರ್ ದಾನಿಯೇಲನ ಗ್ರಂಥದ ಸಂಖ್ಯೆಗಳನ್ನು ಗುಣಿಸಿ, ಪ್ರಭುವಿನ ಬರೋಣ ಹತ್ತಿರವಾಯಿತು ಎಂದು ಸಾರಿದರು. ಅವರ ಅನುಯಾಯಿಗಳು ಕೊನೆಗೆ 1844ರ ಅಕ್ಟೋಬರ್ 22 ಎಂದು ದಿನವನ್ನೇ ಗೊತ್ತುಮಾಡಿಕೊಂಡು ಕಾದರು. ಕೆಲವರು ಹೊಲದ ಬೆಳೆಯನ್ನೂ ಕೊಯ್ಯಲಿಲ್ಲ. ಮರುದಿನ ಎಂದಿನಂತೆ ಬೆಳಗಾಯಿತು. ವಿಶ್ವಾಸಿಗಳು ಮಾತ್ರ ಥಟ್ಟನೆ ಮೇಲಕ್ಕೆ ಒಯ್ಯಲ್ಪಡುತ್ತಾರೆ, ಉಳಿದವರು ಏಳು ವರ್ಷ ಸಂಕಟ ಅನುಭವಿಸುತ್ತಾರೆ ಎಂಬ ಬೋಧನೆ ಹಬ್ಬಿದ್ದು 19ನೇ ಶತಮಾನದಲ್ಲಿ, ಜಾನ್ ನೆಲ್ಸನ್ ಡಾರ್ಬಿಯವರ ಮೂಲಕ. 1909ರ ಸ್ಕೋಫೀಲ್ಡ್ ಬೈಬಲಿನ ಟಿಪ್ಪಣಿಗಳು ಅದನ್ನು ಮನೆಮನೆಗೆ ಮುಟ್ಟಿಸಿದವು. ಅದಕ್ಕೆ ಆಧಾರವಾಗಿ ತೋರಿಸುವುದು ಥೆಸಲೋನಿಯದವರಿಗೆ ಪೌಲರು ಬರೆದ ಮೊದಲ ಪತ್ರದ 4ನೇ ಅಧ್ಯಾಯವನ್ನು. ತೆರೆದು ಓದಿ ನೋಡಿ: ಅಲ್ಲಿ ಪೌಲರು ಸಾವಿನ ಮನೆಯವರಿಗೆ ಸಮಾಧಾನ ಹೇಳುತ್ತಿದ್ದಾರೆ. ನಿಮ್ಮ ಸತ್ತವರೂ ಪ್ರಭುವಿನೊಡನೆ ಇರುತ್ತಾರೆ, ಅಳಬೇಡಿ ಎನ್ನುವುದೇ ಆ ಮಾತಿನ ತಿರುಳು. ಎರಡನೆಯ ಪತ್ರದಲ್ಲಿ, ಕೆಲಸಬಿಟ್ಟು ಅಲೆಯುವವರನ್ನು ಅವರೇ ಗದರಿಸಿದ್ದಾರೆ: ದುಡಿಯಲಾರೆ ಎನ್ನುವವನು ಊಟವನ್ನೂ ಕೇಳಬಾರದು. ಐಟಿಐ ಹುಡುಗನಿಗೆ ಉತ್ತರ ಅಲ್ಲೇ ಸಿಕ್ಕಿತು.

ನಮ್ಮ ಧರ್ಮಸಭೆಯ ಬೋಧನೆ ಸರಳ. ಕ್ರಿಸ್ತರು ಮಹಿಮೆಯಿಂದ ಮರಳಿ ಬರುವರು ಎಂದು ಪ್ರತಿ ಭಾನುವಾರ ವಿಶ್ವಾಸಪ್ರಮಾಣದಲ್ಲಿ ಹೇಳುತ್ತೇವೆ, ನಂಬುತ್ತೇವೆ. ದಿನ, ಗಳಿಗೆ ತಂದೆಗೆ ಮಾತ್ರ ಗೊತ್ತು ಎಂದು ಯೇಸುಸ್ವಾಮಿಯೇ ಹೇಳಿದ ಮೇಲೆ (ಮಾರ್ಕ 13:32) ನಮ್ಮ ಕ್ಯಾಲ್ಕ್ಯುಲೇಟರಿಗೆ ಅಲ್ಲಿ ಕೆಲಸವಿಲ್ಲ.

ಗೋವಾದಲ್ಲಿ ಇರುವ ನಮಗೆ ಇದನ್ನು ಕಣ್ಣಾರೆ ಕಲಿಯಲು ಒಂದು ಜಾಗವಿದೆ. ಹಳೇ ಗೋವಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ದರ್ಶನ ಮುಗಿಸಿ ಬರುವವರು ಹತ್ತಿರದ ಗುಡ್ಡದ ಮೇಲಿನ ಮುರಿದ ಗೋಪುರವನ್ನೂ ನೋಡಿರುತ್ತೀರಿ. 1602ರಲ್ಲಿ ಕಟ್ಟಿ ಮುಗಿಸಿದ ಅಗಸ್ಟೀನ್ ಸಭೆಯವರ ದೇವಾಲಯ ಅದು. 1835ರಲ್ಲಿ ಪೋರ್ಚುಗೀಸ್ ಸರಕಾರ ಧಾರ್ಮಿಕ ಸಭೆಗಳನ್ನು ಹೊರಹಾಕಿದಾಗ ಪಾಳುಬಿತ್ತು. 1842ರಲ್ಲಿ ಚಾವಣಿ ಕುಸಿಯಿತು. 1931ರಲ್ಲಿ ಗೋಪುರದ ಅರ್ಧ ಭಾಗವೇ ಬಿತ್ತು. ಸಾಂಕ್ರಾಮಿಕ ರೋಗಗಳಿಂದ ಊರೇ ಖಾಲಿಯಾಗಿ, 1843ರಲ್ಲಿ ರಾಜಧಾನಿ ಪಣಜಿಗೆ ಹೋಯಿತು. ಆ ಊರಿನವರಿಗೆ ಅದೇ ಲೋಕದ ಅಂತ್ಯ ಅನಿಸಿರಲಿಕ್ಕಿಲ್ಲವೇ? ಆದರೆ ಆ ಗೋಪುರದ ಗಂಟೆ ಮಣ್ಣುಪಾಲಾಗಲಿಲ್ಲ. 1871ರಿಂದ ಅದು ಪಣಜಿಯ ಅಮಲೋದ್ಭವ ಮಾತೆಯ ದೇವಾಲಯದಲ್ಲಿದೆ, ಇಂದೂ ಜನರನ್ನು ಪೂಜೆಗೆ ಕರೆಯುತ್ತದೆ.

ಆ ಸಭೆಯ ಪಿತಾಮಹ ಸಂತ ಅಗಸ್ಟೀನರು ಕಂಡದ್ದೂ ಇಂಥದೇ ಕಾಲ. 410ರಲ್ಲಿ ರೋಮ್ ನಗರ ಸೂರೆಯಾದಾಗ ಜನ ಎಲ್ಲ ಮುಗಿಯಿತು ಎಂದರು. ಅಗಸ್ಟೀನರು 'ದೇವನಗರ' ಎಂಬ 22 ಭಾಗಗಳ ಗ್ರಂಥ ಬರೆದು, ನಗರಗಳು ಬೀಳುತ್ತವೆ, ದೇವರ ನಗರ ಬೀಳುವುದಿಲ್ಲ ಎಂದು ವಿವರಿಸಿದರು. ಪ್ರಕಟನಾ ಗ್ರಂಥದ ಸಾವಿರ ವರ್ಷ ಎಂದರೆ ಧರ್ಮಸಭೆ ನಡೆದುಬರುತ್ತಿರುವ ಈ ಕಾಲವೇ ಎಂದರು. ಹೆಸಿಕಿಯಸ್ ಎಂಬ ಧರ್ಮಾಧ್ಯಕ್ಷರು ಅಂತ್ಯ ಯಾವಾಗ ಎಂದು ವಿಚಾರಿಸಿದಾಗ, ಬೇಗ ಎನ್ನುವವನಿಗಿಂತಲೂ ತಡ ಎನ್ನುವವನಿಗಿಂತಲೂ 'ನನಗೆ ಗೊತ್ತಿಲ್ಲ, ಆದರೆ ಕಾಯುತ್ತೇನೆ' ಎನ್ನುವ ಸೇವಕನೇ ವಾಸಿ ಎಂಬ ಅರ್ಥದಲ್ಲಿ ಉತ್ತರ ಬರೆದರು.

ಗೋವಾದ ಕನ್ನಡಿಗರಾದ ನಮಗೆ ಬೀಳುವ ಗೋಡೆ ಬರೀ ಇತಿಹಾಸದ್ದಲ್ಲ. ಬಂದರು, ಗಣಿ, ಕಟ್ಟಡ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದ ಎಷ್ಟೋ ಕುಟುಂಬಗಳು ವಾಸ್ಕೊದ ಬೈನಾ ಕಡಲತೀರದಲ್ಲಿ ನೆಲೆಸಿದ್ದವು. 2004ರ ಜೂನ್‌ನಲ್ಲಿ, ಮಳೆಗಾಲದ ಹೊತ್ತಿನಲ್ಲೇ, ಅಲ್ಲಿ ಬುಲ್ಡೋಜರ್ ಹರಿಯಿತು. 2015ರಲ್ಲಿ ಮತ್ತೆ ಮನೆಗಳು ಉರುಳಿದವು. ಆ ದಿನಗಳ ಬಗ್ಗೆ ಹಿರಿಯರನ್ನು ಕೇಳಿದರೆ ಯಾರೂ ಆಕಾಶದ ಗುರುತುಗಳ ಮಾತು ಎತ್ತುವುದಿಲ್ಲ. ಯಾರು ಟಾರ್ಪಾಲು ಕೊಟ್ಟರು, ಯಾರ ಮನೆಯಲ್ಲಿ ಮಕ್ಕಳು ಮಲಗಿದವು, ಯಾರು ಗಂಜಿ ಕಾಸಿದರು ಎಂಬುದಷ್ಟೇ ಅವರಿಗೆ ನೆನಪಿರುವುದು.

ಸಂತ ಮತ್ತಾಯರ ಶುಭಸಂದೇಶದಲ್ಲೂ ಹಾಗೇ ಇದೆ. 24ನೇ ಅಧ್ಯಾಯದಲ್ಲಿ ಯುದ್ಧ, ಬರ, ಭೂಕಂಪ. ಅದರ ಬೆನ್ನಿಗೇ ಬರುವ 25ರಲ್ಲಿ ಅಂತಿಮ ತೀರ್ಪು. ಆ ತೀರ್ಪಿನ ದಿನ ಪ್ರಭು ಯಾರನ್ನೂ ನನ್ನ ತಾರೀಖು ಸರಿಯಾಗಿ ಲೆಕ್ಕಹಾಕಿದ್ದೆಯಾ ಎಂದು ಕೇಳುವುದಿಲ್ಲ. ಹಸಿದವನಿಗೆ ಊಟ ಕೊಟ್ಟೆಯಾ, ಪರದೇಶಿಯಾಗಿ ಬಂದವನನ್ನು ಒಳಗೆ ಕರೆದೆಯಾ ಎಂದು ಕೇಳುತ್ತಾರೆ. ಒಂದು ಕಾಲಕ್ಕೆ ಆ ಪರದೇಶಿಗಳು ನಾವೇ. 'ಘಾಟಿ' ಎಂದು ಹೀಯಾಳಿಸಿಕೊಂಡ ನೋವು ನಮ್ಮ ಅಪ್ಪ ಅಮ್ಮಂದಿರಿಗೆ ಗೊತ್ತು. ಈಗ ಒಡಿಶಾ, ಜಾರ್ಖಂಡ್, ಬಿಹಾರದಿಂದ ಬಂದ ಹುಡುಗರು ನಮ್ಮ ಪಕ್ಕದ ಬಾಡಿಗೆ ಖೋಲಿಗಳಲ್ಲಿದ್ದಾರೆ. ಅವರ ಬಗ್ಗೆ ನಮ್ಮಲ್ಲೇ ಕೆಲವರ ಬಾಯಲ್ಲಿ ಅದೇ ಧಾಟಿಯ ಮಾತು ಬರುತ್ತಿದೆ. ಅಂತ್ಯದ ಗುರುತು ಹುಡುಕುವವರು ಮೊದಲು ಇದನ್ನು ಗಮನಿಸಬೇಕು.

ಈ ಆಗಮನ ಕಾಲಕ್ಕೆ ನಮ್ಮ ಬಳಗ ಮೂರು ತೀರ್ಮಾನ ಮಾಡಿದೆ. ಅಂತ್ಯಕಾಲದ ವಿಡಿಯೊ ಬಂದರೆ ಮುಂದಕ್ಕೆ ಕಳಿಸುವುದಿಲ್ಲ. ಅದರಲ್ಲಿ ಹೇಳಿದ ಅಧ್ಯಾಯವನ್ನು ಪೂರ್ತಿ ಓದುತ್ತೇವೆ, ಅರ್ಥವಾಗದಿದ್ದರೆ ಫಾದರನ್ನು ಕೇಳುತ್ತೇವೆ. ಪಕ್ಕದ ಖೋಲಿಯವರ ಹೆಸರು ತಿಳಿದುಕೊಂಡು, ಕ್ರಿಸ್ಮಸ್ ಊಟಕ್ಕೆ ಅವರನ್ನು ಕರೆಯುತ್ತೇವೆ. ಐಟಿಐ ಫೀಸನ್ನು ಕೊನೆಯ ತಾರೀಖಿನ ಒಳಗೆ ಕಟ್ಟುತ್ತೇವೆ. ಕಡಿಮೆ ಬಿದ್ದದ್ದಕ್ಕೆ ಈ ಭಾನುವಾರ ಪೂಜೆಯ ನಂತರ ಡಬ್ಬಿ ಇಟ್ಟಿರುತ್ತೇವೆ. ನಿಮ್ಮ ಕೈಲಾದದ್ದನ್ನು ಹಾಕಿ.